ಕಾಗೆಯ ಹಲ್ಲು ಎಣಿಸುವ ವಿದ್ಯೆ

1967ರ ಡಿಸೆಂಬರ್ 3ರಂದು ಕೇಪ್ ಟೌನ್‌ನ ಆಸ್ಪತ್ರೆಯೊಂದರಲ್ಲಿ ಕ್ರಿಶ್ಚಿಯಾನ್ ಬರ್ನಾರ್ಡ್ ಎಂಬ ಶಸ್ತ್ರವೈದ್ಯರು ಒಬ್ಬ ಮನುಷ್ಯನ ಎದೆಯೊಳಗೆ ಇನ್ನೊಬ್ಬರ ಹೃದಯವನ್ನು ಕೂಡಿಸಿದರು. ಮನುಷ್ಯರಿಂದ ಮನುಷ್ಯರಿಗೆ ನಡೆದ ಮೊದಲ ಹೃದಯ ಕಸಿ ಅದು. ಜಗತ್ತೆಲ್ಲ ಅದೇ ಸುದ್ದಿ. ಆದರೆ ಅದರ ಬೆನ್ನಿಗೇ ವೈದ್ಯರನ್ನು ಕಾಡುವ ಪ್ರಶ್ನೆಯೊಂದು ಬಂತು. ಕಸಿಗೆ ಬೇಕಾದದ್ದು ಕೆಡದ ಹೃದಯ. ರಕ್ತ ನಿಂತು ಹೆಚ್ಚು ಹೊತ್ತಾದರೆ ಅದು ಕೆಲಸಕ್ಕೆ ಬಾರದು. ಅಷ್ಟರಲ್ಲಾಗಲೇ ಆಸ್ಪತ್ರೆಗಳಲ್ಲಿ ವೆಂಟಿಲೇಟರುಗಳು ಬಂದಿದ್ದವು. ಮಿದುಳು ಪೂರ್ತಿ ಕೆಟ್ಟುಹೋದವರ ದೇಹಕ್ಕೂ ಯಂತ್ರ ಉಸಿರು ತುಂಬುತ್ತಿತ್ತು. ಎದೆ ಏರಿಳಿಯುತ್ತಿತ್ತು, ಮೈ ಬೆಚ್ಚಗಿರುತ್ತಿತ್ತು, ನಾಡಿ ಸಿಗುತ್ತಿತ್ತು. ಆ ದೇಹ ಸತ್ತಿದೆ ಎಂದಾದರೆ ಅದರ ಹೃದಯ ತೆಗೆಯುವುದು ಇನ್ನೊಂದು ಜೀವ ಉಳಿಸುವ ಕೆಲಸ. ಬದುಕಿದೆ ಎಂದಾದರೆ ಅದೇ ಕೈಯಿಂದ, ಅದೇ ಚಾಕುವಿನಿಂದ ನಡೆಯುವುದು ಕೊಲೆ.

ಮರುವರ್ಷ, 1968ರ ಆಗಸ್ಟ್‌ನಲ್ಲಿ, ಹಾರ್ವರ್ಡ್ ವೈದ್ಯಕೀಯ ಶಾಲೆಯ ಸಮಿತಿಯೊಂದು ಇದಕ್ಕೆ ಉತ್ತರ ಬರೆಯಿತು. ಅರಿವಳಿಕೆ ತಜ್ಞ ಹೆನ್ರಿ ಬೀಚರ್ ಅದರ ಅಧ್ಯಕ್ಷರು. ಮಿದುಳು ಮತ್ತೆ ಚೇತರಿಸದಂತೆ ನಿಂತುಹೋಗಿದ್ದರೆ ಅದನ್ನೇ ಸಾವೆಂದು ಎಣಿಸಬಹುದು ಎಂದಿತು ಸಮಿತಿ. ವಿಚಿತ್ರವೇನೆಂದರೆ, ಆ ವರ್ಷ ಸಾವಿನ ಬಗ್ಗೆ ಯಾರೂ ಹೊಸದಾಗಿ ಏನನ್ನೂ ಕಂಡುಹಿಡಿದಿರಲಿಲ್ಲ. ಅಂಥ ರೋಗಿಗಳ ಸ್ಥಿತಿಯನ್ನು ಫ್ರಾನ್ಸಿನ ವೈದ್ಯರು 1959ರಲ್ಲೇ ವಿವರವಾಗಿ ಬರೆದಿಟ್ಟಿದ್ದರು. ದೇಹದಲ್ಲಿ ಏನು ನಡೆಯುತ್ತಿದೆ, ಏನು ನಿಂತಿದೆ ಎಂಬುದು ಬಲ್ಲವರಿಗೆಲ್ಲ ಗೊತ್ತಿತ್ತು. ಇದನ್ನು ಸಾವು ಅನ್ನಬೇಕೇ ಎಂಬುದೊಂದು ಗೊತ್ತಿರಲಿಲ್ಲ.

ಇವತ್ತಿಗೂ ಎಲ್ಲ ಕಡೆ ಒಂದೇ ಉತ್ತರವಿಲ್ಲ. ಬ್ರಿಟನ್ನಿನಲ್ಲಿ ಮಿದುಳಿನ ಕಾಂಡ ನಿಂತರೆ ಸಾವು. ಅಮೆರಿಕದ ಕಾನೂನಿಗೆ ಇಡೀ ಮಿದುಳು ನಿಲ್ಲಬೇಕು. ನ್ಯೂಜೆರ್ಸಿ ರಾಜ್ಯ 1991ರ ಕಾಯ್ದೆಯಲ್ಲಿ ಇನ್ನೊಂದು ಗಂಟು ಹಾಕಿತು: ರೋಗಿಯ ಧರ್ಮಶ್ರದ್ಧೆ ಮಿದುಳಿನ ಸಾವನ್ನು ಒಪ್ಪದಿದ್ದರೆ, ಹೃದಯ ಮತ್ತು ಉಸಿರು ನಿಲ್ಲುವ ತನಕ ಅವರು ಸತ್ತಂತಲ್ಲ. ಹೀಗಾಗಿ ಅಂಥ ಶ್ರದ್ಧೆಯ ಒಬ್ಬನೇ ವ್ಯಕ್ತಿ, ನ್ಯೂಯಾರ್ಕ್ ಮತ್ತು ನ್ಯೂಜೆರ್ಸಿ ನಡುವೆ ಹರಿಯುವ ಹಡ್ಸನ್ ನದಿಯ ಒಂದು ದಡದಲ್ಲಿ ಶವವೂ ಇನ್ನೊಂದು ದಡದಲ್ಲಿ ರೋಗಿಯೂ ಆಗಬಹುದು. ನದಿ ದಾಟುವಾಗ ಆ ದೇಹದಲ್ಲಿ ಏನೂ ಬದಲಾಗಿರುವುದಿಲ್ಲ.

ಇನ್ನೂ ಒಳ್ಳೆಯ ಸ್ಕ್ಯಾನರ್ ತಂದರೆ ಈ ಜಗಳ ಬಗೆಹರಿಯುತ್ತದೆಯೇ? ಬಗೆಹರಿಯುವುದಿಲ್ಲ. ಸ್ಕ್ಯಾನರ್ ಮಿದುಳಿನ ಯಾವ ಭಾಗ ಸುಮ್ಮನಾಗಿದೆ ಎಂದು ತೋರಿಸಬಹುದು. ಯಾವ ಭಾಗ ಸುಮ್ಮನಾದರೆ ‘ಅವರು’ ಇನ್ನಿಲ್ಲ ಎಂದು ಅದರ ಪರದೆಯಲ್ಲಿ ಮೂಡುವುದಿಲ್ಲ. ತತ್ತ್ವಶಾಸ್ತ್ರ ಎಂದರೇನು ಎಂದು ಯಾರಾದರೂ ಕೇಳಿದರೆ ನಾನು ಈ ಹಾಸಿಗೆಯ ಪಕ್ಕದಿಂದಲೇ ಶುರು ಮಾಡುತ್ತೇನೆ. ಸಂಗತಿಗಳೆಲ್ಲ ಕೈಗೆ ಬಂದ ಮೇಲೂ ಮುಗಿಯದ ಪ್ರಶ್ನೆಗಳಿರುತ್ತವೆ. ಅವುಗಳಲ್ಲಿ ನಾವು ದಿನವೂ ಬಳಸುವ ಮಾತುಗಳೇ ಸಿಕ್ಕಿಬಿದ್ದಿರುತ್ತವೆ: ಸಾವು, ವ್ಯಕ್ತಿ, ನ್ಯಾಯ, ತಿಳಿವು, ಕಾರಣ, ತಪ್ಪು. ಅಂಥ ಮಾತನ್ನು ಬಿಚ್ಚಿ, ಅದರೊಳಗೆ ನಾವು ಏನೇನು ತುರುಕಿದ್ದೇವೆ ಎಂದು ನೋಡಿ, ಕಾರಣ ಕೊಟ್ಟು ಮತ್ತೆ ಕಟ್ಟುವ ಕೆಲಸ ಈ ವಿದ್ಯೆಯದು. ಇನ್ನೂ ದೊಡ್ಡ ವ್ಯಾಖ್ಯಾನಗಳಿವೆ. ಅವುಗಳಲ್ಲಿ ಹೆಚ್ಚಿನವು ಈ ಕೆಲಸವನ್ನು ಮುಚ್ಚಿಡುತ್ತವೆ ಎಂಬುದು ನನ್ನ ದೂರು.

ಕನ್ನಡದಲ್ಲಂತೂ ಈ ಶಾಸ್ತ್ರದ ಹೆಸರಿಗೆ ಹೊಗೆ ಅಂಟಿಕೊಂಡಿದೆ. ‘ವೇದಾಂತ ಮಾತಾಡಬೇಡ’ ಎಂದರೆ ಕೈಲಾಗದ್ದನ್ನು ದೊಡ್ಡ ಮಾತಿನಲ್ಲಿ ಮುಚ್ಚಬೇಡ ಎಂದು ಅರ್ಥ. ‘ತತ್ತ್ವಜ್ಞಾನಿ’ ಎಂದರೆ ಬಿಲ್ ಕಟ್ಟುವ ಹೊತ್ತಿಗೆ ಆಕಾಶ ನೋಡುವವನು. ಹಳೆಯ ಶಾಸ್ತ್ರಗಳಲ್ಲಿ ಇದಕ್ಕಿಂತ ಚುರುಕಾದ ಬೈಗುಳವೊಂದಿದೆ: ಕಾಕದಂತಪರೀಕ್ಷೆ. ಕಾಗೆಗೆ ಎಷ್ಟು ಹಲ್ಲು ಎಂಬ ವಿಚಾರಣೆ. ಇಲ್ಲದ ಹಲ್ಲಿನ ಲೆಕ್ಕ, ಇದ್ದರೂ ಯಾರಿಗೂ ಬೇಡದ ಲೆಕ್ಕ. ಬೈಗುಳ ಸುಳ್ಳೆಂದು ನಾನು ಹೇಳುವುದಿಲ್ಲ. ಹಲ್ಲು ಎಣಿಸುವುದರಲ್ಲೇ ಜನ್ಮ ಸವೆಸಿದ ಪಂಡಿತರು ಎಲ್ಲ ಕಾಲದಲ್ಲೂ ಇದ್ದರು, ಈಗಲೂ ಇದ್ದಾರೆ. ಆದರೆ ಆ ಮಾತಿನೊಳಗೇ ಒಂದು ಅಳತೆಗೋಲಿದೆ. ಉತ್ತರ ಹೀಗಾದರೇನು, ಹಾಗಾದರೇನು, ಏನೂ ವ್ಯತ್ಯಾಸವಾಗದಿದ್ದರೆ ಅದು ಕಾಗೆಯ ಹಲ್ಲು. ವೆಂಟಿಲೇಟರ್ ಪಕ್ಕದ ಪ್ರಶ್ನೆಯನ್ನು ಈ ಕೋಲಿನಿಂದ ಅಳೆದು ನೋಡಿ.

ಇದು ಓದಬೇಕಾದ ವಿದ್ಯೆಯೇ ಎಂಬ ತಕರಾರೂ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಆರಂಭದಲ್ಲೇ ಒಂದು ಸಿಲಬಸ್ ಜಗಳವಿದೆ. ರಾಜನಾಗುವವನು ಎಷ್ಟು ವಿದ್ಯೆ ಕಲಿಯಬೇಕು? ನಾಲ್ಕು ಎನ್ನುತ್ತಾನೆ ಕೌಟಿಲ್ಯ: ಆನ್ವೀಕ್ಷಿಕಿ ಎಂದರೆ ಕಾರಣ ಹಿಡಿದು ವಿಚಾರ ಮಾಡುವ ವಿದ್ಯೆ, ತ್ರಯೀ ಎಂದರೆ ಮೂರು ವೇದಗಳು, ವಾರ್ತಾ ಎಂದರೆ ಬೇಸಾಯ-ಪಶುಪಾಲನೆ-ವ್ಯಾಪಾರ, ದಂಡನೀತಿ ಎಂದರೆ ಆಡಳಿತ. ಮನುವಿನ ಹಾದಿಯ ಮಾನವ ಪಂಥದವರು ಮೂರೇ ಸಾಕು ಎಂದರು. ಆನ್ವೀಕ್ಷಿಕಿ ಬೇರೆ ವಿಷಯವೇ ಅಲ್ಲ, ವೇದದ ಓದಿನಲ್ಲೇ ಅದು ಸೇರಿದೆ ಎಂಬುದು ಅವರ ವಾದ. ಬೃಹಸ್ಪತಿಯ ಪಂಥ ಎರಡಕ್ಕೆ ಇಳಿಸಿತು: ದುಡಿಮೆ, ಆಡಳಿತ. ಉಶನಸ್ಸಿನ ಪಂಥ ಒಂದಕ್ಕೇ ನಿಂತಿತು: ಆಡಳಿತ. ಇವತ್ತು ವಿಶ್ವವಿದ್ಯಾಲಯಗಳ ಸಭೆಗಳಲ್ಲಿ ಕೇಳುವ ಮಾತುಗಳೆಲ್ಲ ಇಲ್ಲಿವೆ ನೋಡಿ: ಬೇರೆ ವಿಭಾಗದಲ್ಲಿ ಸೇರಿಸಿಬಿಡಿ, ಸಂಪಾದನೆಯ ವಿಷಯ ಸಾಕು, ಮ್ಯಾನೇಜ್‌ಮೆಂಟ್ ಒಂದೇ ಸಾಕು. ಕೌಟಿಲ್ಯನೇನು ಸಂನ್ಯಾಸಿಯಲ್ಲ, ಬೇಹುಗಾರಿಕೆ, ತೆರಿಗೆ, ಯುದ್ಧಗಳ ಬಗ್ಗೆ ಬರೆದ ಲೆಕ್ಕಾಚಾರದ ಮನುಷ್ಯ. ಅವನು ಆನ್ವೀಕ್ಷಿಕಿಯನ್ನು ಎಲ್ಲ ವಿದ್ಯೆಗಳ ದೀಪ ಎಂದ, ಎಲ್ಲ ಕೆಲಸಗಳ ಉಪಾಯ ಎಂದ. ಉಳಿದ ಮೂರು ವಿದ್ಯೆಗಳಲ್ಲಿ ಯಾವುದಕ್ಕೆ ಬಲ, ಯಾವುದು ದುರ್ಬಲ ಎಂದು ಕಾರಣ ಹಿಡಿದು ತೂಗಲು ಅದು ಬೇಕು ಎಂಬುದು ಅವನ ಲೆಕ್ಕ. ಪದದ ಅರ್ಥವೂ ಸೊಗಸಾಗಿದೆ: ನೋಡಿದ್ದನ್ನು ಮತ್ತೆ ಬೆನ್ನುಹತ್ತಿ ನೋಡುವುದು. ‘ತತ್ತ್ವಶಾಸ್ತ್ರ’ಕ್ಕಿಂತ ಈ ಹೆಸರು ನನಗೆ ಹೆಚ್ಚು ಇಷ್ಟ. ಅದರಲ್ಲಿ ಉತ್ತರ ಸಿಕ್ಕಿದೆ ಎಂಬ ಜಂಬವಿಲ್ಲ.

ಈ ‘ಮತ್ತೆ ನೋಡುವುದು’ ಈಗ ಎಲ್ಲಿ ಬೇಕಾಗಿದೆ? ನನಗೆ ತಿಳಿದ ಮಟ್ಟಿಗೆ ಅತ್ಯುತ್ತಮ ಉದಾಹರಣೆ ಒಂದು ಸಾಫ್ಟ್‌ವೇರ್. ಅಮೆರಿಕದ ಹಲವು ನ್ಯಾಯಾಲಯಗಳಲ್ಲಿ ಕಾಂಪಾಸ್ ಎಂಬ ಪ್ರೋಗ್ರಾಂ ಬಳಕೆಯಲ್ಲಿತ್ತು. ಬಂಧಿತರು ಮತ್ತೆ ಅಪರಾಧ ಮಾಡುವ ಸಾಧ್ಯತೆ ಎಷ್ಟು ಎಂದು ಅದು ಅಂಕ ಕೊಡುತ್ತಿತ್ತು. 2016ರಲ್ಲಿ ಪ್ರೊಪಬ್ಲಿಕಾ ಎಂಬ ಸುದ್ದಿಸಂಸ್ಥೆ ಫ್ಲೋರಿಡಾದ ಬ್ರೋವರ್ಡ್ ಕೌಂಟಿಯ ದಾಖಲೆಗಳನ್ನು ತೆಗೆದು ನೋಡಿತು. ಮುಂದೆ ಯಾವ ಅಪರಾಧವನ್ನೂ ಮಾಡದೆ ಇದ್ದ ಕಪ್ಪುಜನರಲ್ಲಿ ಸುಮಾರು 45 ಶೇಕಡಾ ಮಂದಿಗೆ ‘ಹೆಚ್ಚು ಅಪಾಯ’ದ ಚೀಟಿ ಅಂಟಿತ್ತು, ಅಂಥದೇ ಬಿಳಿಯರಲ್ಲಿ ಸುಮಾರು 23 ಶೇಕಡಾ ಮಂದಿಗೆ. ಪಕ್ಷಪಾತ ಎಂದಿತು ವರದಿ. ತಯಾರಿಸಿದ ಕಂಪನಿ ಒಪ್ಪಲಿಲ್ಲ. ‘ಹೆಚ್ಚು ಅಪಾಯ’ ಎಂದು ನಾವು ಹೇಳಿದವರಲ್ಲಿ ನಿಜವಾಗಿ ಮತ್ತೆ ಅಪರಾಧ ಮಾಡಿದವರ ಪ್ರಮಾಣ ಎರಡೂ ಗುಂಪಿನಲ್ಲಿ ಹತ್ತಿರಹತ್ತಿರ ಒಂದೇ ಇದೆ, ಇದಕ್ಕಿಂತ ನ್ಯಾಯ ಇನ್ನೇನು ಎಂದಿತು.

ಯಾರೋ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಅನಿಸುತ್ತದೆ. ಇಬ್ಬರೂ ನಿಜ ಹೇಳುತ್ತಿದ್ದರು. ಅದು ಹೇಗೆ ಎಂದು ತಿಳಿಯಲು ಒಂದು ಕಲ್ಪಿತ ಲೆಕ್ಕ ಮಾಡೋಣ. ಪೆನ್ನು ಹಿಡಿದರೆ ಒಳ್ಳೆಯದು. ಎರಡು ಗುಂಪು, ತಲಾ 100 ಜನ. ಮೊದಲ ಗುಂಪಿನಲ್ಲಿ 50 ಜನ ಮತ್ತೆ ಅಪರಾಧ ಮಾಡುತ್ತಾರೆ, ಎರಡನೆಯದರಲ್ಲಿ 20 ಜನ. ಯಂತ್ರ ಮೊದಲ ಗುಂಪಿನ 60 ಜನರಿಗೆ ಅಪಾಯದ ಚೀಟಿ ಅಂಟಿಸುತ್ತದೆ, ಅದರಲ್ಲಿ 40 ನಿಜ. ಎರಡನೆಯ ಗುಂಪಿನ 24 ಜನರಿಗೆ ಅಂಟಿಸುತ್ತದೆ, ಅದರಲ್ಲಿ 16 ನಿಜ. ಎರಡು ಕಡೆಯೂ ಚೀಟಿ ಮೂರರಲ್ಲಿ ಎರಡು ಸಲ ನಿಜ. ಅಪರಾಧ ಮಾಡುವವರಲ್ಲಿ ಯಂತ್ರದ ಕಣ್ಣಿಗೆ ಬಿದ್ದವರೂ ಎರಡು ಕಡೆ 80 ಶೇಕಡಾ. ಕಂಪನಿಯ ಪ್ರಕಾರ ಚೊಕ್ಕ ನ್ಯಾಯ. ಈಗ ಏನೂ ತಪ್ಪು ಮಾಡದವರನ್ನು ನೋಡಿ. ಮೊದಲ ಗುಂಪಿನಲ್ಲಿ ಅಂಥವರು 50, ಅವರಲ್ಲಿ 20 ಜನರಿಗೆ ಚೀಟಿ: 40 ಶೇಕಡಾ. ಎರಡನೆಯ ಗುಂಪಿನಲ್ಲಿ 80 ಜನ, ಚೀಟಿ ಬಿದ್ದದ್ದು 8 ಜನಕ್ಕೆ: 10 ಶೇಕಡಾ. ನಿರಪರಾಧಿಯಾಗಿದ್ದೂ ಅಪಾಯಕಾರಿ ಅನ್ನಿಸಿಕೊಳ್ಳುವ ದುರ್ದೆಸೆ ಮೊದಲ ಗುಂಪಿಗೆ ನಾಲ್ಕು ಪಟ್ಟು. ಯಂತ್ರಕ್ಕೆ ಯಾರ ಬಣ್ಣವೂ ಗೊತ್ತಿರಬೇಕಿಲ್ಲ, ಪ್ರೋಗ್ರಾಂ ಬರೆದವರಿಗೆ ಕೆಟ್ಟ ಬುದ್ಧಿ ಇರಬೇಕಿಲ್ಲ. ಎರಡು ಗುಂಪಿನ ಮೂಲ ಪ್ರಮಾಣ ಬೇರೆ ಬೇರೆ ಇದ್ದಾಗ, ಯಂತ್ರ ಎಂದೂ ತಪ್ಪದ ಸರ್ವಜ್ಞನಾಗದ ಹೊರತು, ಈ ನ್ಯಾಯಗಳೆಲ್ಲ ಒಟ್ಟಿಗೆ ಸಿಗುವುದಿಲ್ಲ ಎಂದು ಜಾನ್ ಕ್ಲೈನ್‌ಬರ್ಗ್ ಮತ್ತು ಸಂಗಡಿಗರು ಒಂದು ಕಡೆ, ಅಲೆಕ್ಸಾಂಡ್ರಾ ಚೌಲ್ಡೆಚೋವಾ ಇನ್ನೊಂದು ಕಡೆ ಗಣಿತದಿಂದಲೇ ಸಾಧಿಸಿ ತೋರಿಸಿದರು.

ಈ ಸಾಧನೆಯ ಸ್ವಾರಸ್ಯ ಇರುವುದು ಇಲ್ಲಿ: ತನ್ನ ಕೆಲಸ ಎಲ್ಲಿಗೆ ಮುಗಿಯಿತು ಎಂದು ಗಣಿತವೇ ಗೆರೆ ಎಳೆದು ತೋರಿಸಿದೆ. ಯಾವ ನ್ಯಾಯವನ್ನು ಉಳಿಸಿ ಯಾವುದನ್ನು ಬಿಡಬೇಕು ಎಂದು ಯಾವ ಸಮೀಕರಣವೂ ಹೇಳದು. ಅದನ್ನು ಹೇಳಲು ಬೇರೆ ಬಗೆಯ ಮಾತು ಬೇಕು. ಚೀಟಿಯ ಮಾತು ನಂಬಿಕೆಗೆ ಯೋಗ್ಯವಾಗಿರಬೇಕು ಎಂಬುದು ನ್ಯಾಯಾಧೀಶರ ಕಡೆಯಿಂದ ನೋಡಿದ ನ್ಯಾಯ. ತಪ್ಪಿಲ್ಲದವನ ಮೇಲೆ ತಪ್ಪಾಗಿ ಬೀಳುವ ಹೊರೆ ಎಲ್ಲರಿಗೂ ಸಮವಾಗಿರಬೇಕು ಎಂಬುದು ಕಟಕಟೆಯ ಕಡೆಯಿಂದ ನೋಡಿದ ನ್ಯಾಯ. ಸಮಾನರನ್ನು ಸಮಾನವಾಗಿ ಕಾಣಬೇಕು ಎಂದು ಅರಿಸ್ಟಾಟಲ್ ಹೇಳಿದಾಗ ಅವನು ಅಲ್ಲಿಗೇ ನಿಲ್ಲಲಿಲ್ಲ. ಯಾವುದರಲ್ಲಿ ಸಮಾನರು ಎಂದು ಕೇಳಿದ. ಒಳ್ಳೆಯ ಕೊಳಲನ್ನು ದೊಡ್ಡ ಮನೆತನದವನಿಗೆ ಕೊಡುತ್ತೀರೋ, ಚೆನ್ನಾಗಿ ಊದುವವನಿಗೋ? ಜಾಮೀನು ಕೊಡುವಾಗ ಕೊಳಲು ಯಾವುದು, ಊದುವವನು ಯಾರು ಎಂಬುದೇ ಪ್ರೊಪಬ್ಲಿಕಾ ಮತ್ತು ಕಂಪನಿಯ ನಡುವಿನ ಜಗಳ. ಇದನ್ನು ಯಾರೂ ಬಿಡಿಸದಿದ್ದರೂ ಸಾಫ್ಟ್‌ವೇರ್ ಓಡುತ್ತದೆ. ಯಾರೋ ಎಂಜಿನಿಯರ್ ಒಂದು ಅಳತೆಯನ್ನು ಆರಿಸಿರುತ್ತಾನೆ, ತಾನು ನ್ಯಾಯದ ಸಿದ್ಧಾಂತವೊಂದನ್ನು ಆರಿಸಿದೆ ಎಂಬ ಅರಿವೂ ಅವನಿಗಿರುವುದಿಲ್ಲ. ತತ್ತ್ವಶಾಸ್ತ್ರದ ತರಗತಿ ಮುಚ್ಚಿದರೆ ತತ್ತ್ವಶಾಸ್ತ್ರದ ತೀರ್ಮಾನಗಳೇನೂ ನಿಲ್ಲುವುದಿಲ್ಲ ಎಂದು ನಾನು ಹೇಳುವುದು ಇದಕ್ಕೇ.

(ಚಾಲಕನಿಲ್ಲದ ಕಾರು ಯಾರನ್ನು ಗುದ್ದಬೇಕು ಎಂಬ ಪ್ರಸಿದ್ಧ ಒಗಟನ್ನು ಬೇಕೆಂದೇ ಬಿಟ್ಟಿದ್ದೇನೆ. ಅಂಕೆ ತಪ್ಪಿ ಓಡುವ ಟ್ರಾಮನ್ನು ಐವರ ಮೇಲೆ ಹೋಗಲು ಬಿಡಬೇಕೇ, ಒಬ್ಬನಿರುವ ಹಳಿಗೆ ತಿರುಗಿಸಬೇಕೇ ಎಂಬ ಅದರ ಮೂಲ ಕಥೆಯನ್ನು ತತ್ತ್ವಶಾಸ್ತ್ರಜ್ಞೆ ಫಿಲಿಪ್ಪಾ ಫುಟ್ 1967ರಲ್ಲಿ ಹೇಳಿದ್ದು ಗರ್ಭಪಾತದ ಚರ್ಚೆಯ ನಡುವೆ, ಕೊಲ್ಲುವುದಕ್ಕೂ ಸಾಯಲು ಬಿಡುವುದಕ್ಕೂ ಇರುವ ವ್ಯತ್ಯಾಸ ತಿಳಿಯಲು. ಆಮೇಲೆ ಅದು ಆಟವಾಯಿತು. ಎಂಐಟಿಯ ಸಂಶೋಧಕರು ಜಾಲತಾಣದ ಮೂಲಕ 233 ದೇಶ-ಪ್ರದೇಶಗಳಿಂದ ಸುಮಾರು 4 ಕೋಟಿ ಆಯ್ಕೆಗಳನ್ನು ಕಲೆಹಾಕಿ 2018ರಲ್ಲಿ ಪ್ರಕಟಿಸಿದರು. ಜನ ಏನು ಆರಿಸುತ್ತಾರೆ ಎಂದು ಅದರಿಂದ ತಿಳಿಯಿತು. ಆ ಆಯ್ಕೆ ಸರಿಯೇ ಎಂಬುದು ವೋಟಿನಿಂದ ತಿಳಿಯುವ ವಿಷಯವಲ್ಲ.)

ಎರಡೂವರೆ ಸಾವಿರ ವರ್ಷದಿಂದ ಮಾತಾಡುತ್ತಿದ್ದೀರಿ, ಒಂದಾದರೂ ಉತ್ತರ ಸಿಕ್ಕಿತೇ ಎಂದು ವಿಜ್ಞಾನದ ಗೆಳೆಯರು ಕೇಳುತ್ತಾರೆ. ಪ್ರಶ್ನೆಯಲ್ಲಿ ಸಣ್ಣದೊಂದು ಮೋಸವಿದೆ. ಉತ್ತರ ಸಿಗುವ ದಾರಿ ತಿಳಿದ ಕೂಡಲೇ ಆ ಪ್ರಶ್ನೆ ಮನೆ ಬದಲಿಸುತ್ತದೆ. ನ್ಯೂಟನ್ 1687ರಲ್ಲಿ ಚಲನೆಯ ನಿಯಮ ಬರೆದ ಪುಸ್ತಕದ ಹೆಸರಿನಲ್ಲೇ ‘ಪ್ರಕೃತಿಯ ತತ್ತ್ವಶಾಸ್ತ್ರ’ ಇತ್ತು. ಈಗ ಅದು ಭೌತಶಾಸ್ತ್ರ. ವಿಲ್ಹೆಲ್ಮ್ ವುಂಟ್ 1879ರಲ್ಲಿ ಲೈಪ್‌ಜಿಗ್‌ನಲ್ಲಿ ಮನಶ್ಶಾಸ್ತ್ರದ ಪ್ರಯೋಗಾಲಯ ತೆರೆದ ಮೇಲೆ ಮನಸ್ಸಿನ ಪ್ರಶ್ನೆಗಳಲ್ಲಿ ಅರ್ಧ ಆ ಕಡೆ ನಡೆದವು. ಅದೇ 1879ರಲ್ಲಿ ಗೋಟ್ಲೋಬ್ ಫ್ರೇಗೆ ತರ್ಕಕ್ಕೆ ಹೊಸ ಲಿಪಿ ಕಟ್ಟಿದ. ಆ ದಾರಿಯಲ್ಲಿ ಮುಂದೆ ಹೋದವರಲ್ಲಿ, ಕಂಪ್ಯೂಟರ್ ವಿಜ್ಞಾನಕ್ಕೆ ಅಡಿಪಾಯ ಹಾಕಿದ ಟ್ಯೂರಿಂಗ್ ಒಬ್ಬ. ಮಕ್ಕಳೆಲ್ಲ ಓದಿ ಊರು ಬಿಟ್ಟ ಮೇಲೆ ಮನೆಯಲ್ಲಿ ಉಳಿದ ಹಿರಿಯರನ್ನು ತೋರಿಸಿ ‘ಈ ಮನೆಯಲ್ಲಿ ದುಡಿಯುವವರೇ ಇಲ್ಲ’ ಎಂದ ಹಾಗಾಯಿತು. ಬರ್ಟ್ರಂಡ್ ರಸೆಲ್ 1912ರಲ್ಲೇ ಹೆಚ್ಚುಕಡಿಮೆ ಇದನ್ನು ಹೇಳಿದ್ದ, ಮನೆಯ ಹೋಲಿಕೆ ನನ್ನದು.

ಊರು ಬಿಟ್ಟವರು ಮರಳಿ ಬರುವುದೂ ಉಂಟು. ಐನ್‌ಸ್ಟೈನ್ ಬರ್ನ್ ನಗರದಲ್ಲಿ ಪೇಟೆಂಟ್ ಕಚೇರಿಯ ಗುಮಾಸ್ತನಾಗಿದ್ದಾಗ ಇಬ್ಬರು ಗೆಳೆಯರ ಜೊತೆ ಸೇರಿ ಡೇವಿಡ್ ಹ್ಯೂಮ್, ಅರ್ನ್ಸ್ಟ್ ಮಾಖ್ ಮುಂತಾದ ದಾರ್ಶನಿಕರನ್ನು ಓದುತ್ತಿದ್ದ. 1905ರ ಸಾಪೇಕ್ಷತೆಯ ಲೇಖನದ ಮೊದಲ ಹೆಜ್ಜೆ ಒಂದು ಪದದ ಅರ್ಥ ಕೇಳುವುದು. ರೈಲು 7 ಗಂಟೆಗೆ ಬರುತ್ತದೆ ಎಂದರೆ, ನನ್ನ ಗಡಿಯಾರದ ಮುಳ್ಳು 7ಕ್ಕೆ ಬರುವುದೂ ರೈಲು ಬರುವುದೂ ‘ಒಟ್ಟಿಗೆ’ ನಡೆಯುತ್ತವೆ ಎಂದು ಅರ್ಥ. ಸರಿ, ದೂರದಲ್ಲಿ ನಡೆದ ಎರಡು ಘಟನೆಗಳು ‘ಒಟ್ಟಿಗೆ’ ನಡೆದವು ಎಂದರೇನು? ಎಲ್ಲರಿಗೂ ಗೊತ್ತಿದೆ ಎಂದುಕೊಂಡಿದ್ದ ಮಾತು ಅದು. ಹ್ಯೂಮ್ ಮತ್ತು ಮಾಖ್‌ರನ್ನು ಓದದಿದ್ದರೆ ತನಗೆ ಇದು ಹೊಳೆಯದೇ ಹೋಗಬಹುದಿತ್ತು ಎಂದು ಆಮೇಲೆ ಪತ್ರವೊಂದರಲ್ಲಿ ಒಪ್ಪಿಕೊಂಡ. ಇದಕ್ಕೆ ತದ್ವಿರುದ್ಧ ಉದಾಹರಣೆ ಸ್ಟೀಫನ್ ಹಾಕಿಂಗ್. 2010ರಲ್ಲಿ ಲಿಯೊನಾರ್ಡ್ ಮ್ಲೊಡಿನೊವ್ ಜೊತೆ ಬರೆದ ಪುಸ್ತಕದ ಆರಂಭದಲ್ಲೇ ತತ್ತ್ವಶಾಸ್ತ್ರ ಸತ್ತಿದೆ ಎಂದು ಸಾರಿದರು. ಕೆಲವೇ ಪುಟಗಳ ನಂತರ, ನಾವು ಕಟ್ಟುವ ಮಾದರಿಗಳನ್ನು ಬಿಟ್ಟು ವಾಸ್ತವ ಎಂಬುದನ್ನು ಬೇರೆಯಾಗಿ ಮಾತಾಡಲಾಗದು ಎಂಬ ವಾದ ಹೂಡಿದರು. ಸತ್ತವರ ಮನೆಯಲ್ಲಿ ಇದೇ ವಾದ ನೂರಾರು ವರ್ಷ ನಡೆದಿತ್ತು.

ಇನ್ನು ‘ತಿಳಿವು’ ಎಂಬ ಮಾತನ್ನೇ ತೆಗೆದುಕೊಳ್ಳಿ. ಸುಮಾರು ಎಂಟನೆಯ ಶತಮಾನದ ಬೌದ್ಧ ತಾರ್ಕಿಕ ಧರ್ಮೋತ್ತರ ಒಂದು ಸನ್ನಿವೇಶ ಕೊಡುತ್ತಾನೆ. ಬಾಯಾರಿದ ಪ್ರಯಾಣಿಕನಿಗೆ ಮರುಭೂಮಿಯಲ್ಲಿ ದೂರದಲ್ಲಿ ನೀರು ಕಾಣುತ್ತದೆ. ಅದು ಬಿಸಿಲುಗುದುರೆ. ಆದರೆ ಅಲ್ಲಿಗೆ ಹೋದಾಗ, ಕಾಕತಾಳೀಯವಾಗಿ, ಬಂಡೆಯ ಅಡಿಯಲ್ಲಿ ನಿಜವಾಗಿಯೂ ನೀರಿರುತ್ತದೆ. ಅಲ್ಲಿ ನೀರಿದೆ ಎಂದು ಅವನಿಗೆ ಮೊದಲೇ ‘ಗೊತ್ತಿತ್ತೇ’? ಅವನು ನಂಬಿದ್ದು ನಿಜ, ನಂಬಲು ಅವನಿಗೆ ಕಾರಣವೂ ಇತ್ತು, ಆದರೂ ಗೊತ್ತಿತ್ತು ಅನ್ನಲು ಬಾಯಿ ಬರುವುದಿಲ್ಲ. 1963ರಲ್ಲಿ ಎಡ್ಮಂಡ್ ಗೆಟಿಯರ್ ಕೇವಲ ಮೂರು ಪುಟದ ಲೇಖನದಲ್ಲಿ ಇದೇ ಜಾಡಿನ ತೊಡಕು ಎತ್ತಿ, ಸಕಾರಣವಾದ ನಿಜ ನಂಬಿಕೆಯೇ ತಿಳಿವು ಎಂಬ ಹಳೆಯ ಸೂತ್ರವನ್ನು ಅಲ್ಲಾಡಿಸಿದ. ಕೆಲವೇ ವರ್ಷದ ಹಿಂದೆ ಇದನ್ನು ಕಾಗೆಯ ಹಲ್ಲಿನ ಪಟ್ಟಿಗೆ ಸೇರಿಸಬಹುದಿತ್ತೇನೋ. ಈಗ ಕೋಟಿಗಟ್ಟಲೆ ಜನ ಚಾಟ್‌ಬಾಟ್‌ಗೆ ಪ್ರಶ್ನೆ ಕೇಳುತ್ತಾರೆ. ಮುಂದಿನ ಪದ ಯಾವುದಿರಬಹುದು ಎಂದು ಊಹಿಸುವ ತರಬೇತಿ ಪಡೆದ ಯಂತ್ರ, ಬಹಳ ಸಲ ನಿಜವಾದ ಉತ್ತರವನ್ನೇ ಕೊಡುತ್ತದೆ; ಕೆಲವು ಸಲ ಅಷ್ಟೇ ಧೈರ್ಯದಿಂದ ಇಲ್ಲದ ತೀರ್ಪನ್ನು, ಇಲ್ಲದ ಪುಸ್ತಕವನ್ನು ಹುಟ್ಟಿಸುತ್ತದೆ. ಉತ್ತರ ನಿಜವಾಗಿದ್ದ ದಿನ ಅದನ್ನು ಓದಿದವನಿಗೆ ವಿಷಯ ಗೊತ್ತಾಯಿತೋ, ಬಿಸಿಲುಗುದುರೆ ನೋಡಿ ನೀರಿಗೆ ತಲುಪಿದನೋ? ಪ್ರಮಾಣ, ಎಂದರೆ ನಿಜವಾದ ತಿಳಿವು ಕೊಡುವ ದಾರಿ, ಯಾವುದು, ಪ್ರಮಾಣದಂತೆ ಕಾಣುವುದು ಯಾವುದು ಎಂದು ಶತಮಾನಗಟ್ಟಲೆ ಜಗಳವಾಡಿದವರ ಪುಸ್ತಕಗಳು ಇಲ್ಲಿ ಒಮ್ಮೆಲೇ ಹೊಸದಾಗಿ ಕಾಣುತ್ತವೆ.

ತರಗತಿಯಲ್ಲಿ ನಿಜವಾಗಿ ಕಲಿಸುವುದೇನು ಎಂದರೆ, ಮುಖ್ಯವಾಗಿ ಜಗಳವಾಡುವ ಕ್ರಮ. ತರ್ಕದ ಹಳೆಯ ಗ್ರಂಥ ನ್ಯಾಯಸೂತ್ರ ಚರ್ಚೆಯನ್ನು ಮೂರು ಬಗೆ ಮಾಡುತ್ತದೆ. ಎರಡೂ ಕಡೆಯವರು ನಿಜ ತಿಳಿಯಲೆಂದು ಪ್ರಮಾಣ, ತರ್ಕ ಹಿಡಿದು ಮಾತಾಡಿದರೆ ವಾದ. ಗೆಲ್ಲುವುದೇ ಗುರಿಯಾಗಿ, ಮಾತಿನ ಅರ್ಥ ತಿರುಚಿಯಾದರೂ ಸರಿ ಎಂದು ಹೊರಟರೆ ಜಲ್ಪ. ತನ್ನದೊಂದು ನಿಲುವನ್ನು ಮಂಡಿಸದೆ ಎದುರಿನವನದನ್ನು ಮಾತ್ರ ಒಡೆಯುತ್ತಾ ಹೋದರೆ ವಿತಂಡ. ಮೂರನೆಯ ಪದ ನಮ್ಮ ಬಾಯಲ್ಲಿ ಚೆನ್ನಾಗಿ ಉಳಿದಿದೆ, ಬೈಗುಳವಾಗಿ. ಎರಡನೆಯದನ್ನು ಮರೆತೇಬಿಟ್ಟಿದ್ದೇವೆ, ಟಿವಿ ಚರ್ಚೆಗಳಿಗೆ ಇದಕ್ಕಿಂತ ಸರಿಯಾದ ಹೆಸರಿಲ್ಲದಿದ್ದರೂ. ಇದರ ಜೊತೆಗೆ ಪೂರ್ವಪಕ್ಷದ ಶಿಸ್ತು ಇತ್ತು: ನೀನು ಖಂಡಿಸಲಿರುವ ಮತವನ್ನು ಅದರವರೇ ತಲೆದೂಗುವಷ್ಟು ಬಲವಾಗಿ ಮೊದಲು ಹೇಳು. ಹದಿನಾಲ್ಕನೆಯ ಶತಮಾನದ ಸರ್ವದರ್ಶನಸಂಗ್ರಹ ಹದಿನಾರು ದರ್ಶನಗಳನ್ನು ವಿವರಿಸುತ್ತದೆ. ಶುರುವಾಗುವುದು ವೇದವನ್ನೂ ಪರಲೋಕವನ್ನೂ ಒಪ್ಪದ ಚಾರ್ವಾಕರಿಂದ, ಬರೆದ ಮಾಧವ ವೇದಾಂತಿಯಾಗಿದ್ದರೂ. ಚಾರ್ವಾಕರ ಸ್ವಂತ ಗ್ರಂಥಗಳು ಹೆಚ್ಚಿನವು ಕಳೆದುಹೋಗಿವೆ; ಅವರ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ದೊಡ್ಡ ಪಾಲು ಎದುರಾಳಿಗಳು ಬರೆದಿಟ್ಟದ್ದು. ಎದುರಾಳಿಗಳು ಅವರನ್ನು ಸ್ವಲ್ಪ ವಿಕಾರ ಮಾಡಿ ತೋರಿಸಿರಲೂಬಹುದು, ಆ ಅನುಮಾನ ನನಗಿದೆ. ಆದರೂ ಅಳಿಸಿಹಾಕಲಿಲ್ಲ.

ಹಾಗಾದರೆ ಓದುವುದರಿಂದ ಏನು ಸಿಗುತ್ತದೆ? 2015ರ ನವೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷಗಿರಿಯ ಆಕಾಂಕ್ಷಿ ಮಾರ್ಕೊ ರೂಬಿಯೊ ಚರ್ಚಾವೇದಿಕೆಯಲ್ಲಿ ನಿಂತು, ವೆಲ್ಡರುಗಳ ಸಂಪಾದನೆ ತತ್ತ್ವಶಾಸ್ತ್ರದವರಿಗಿಂತ ಹೆಚ್ಚು, ದೇಶಕ್ಕೆ ಬೇಕಾದವರು ವೆಲ್ಡರುಗಳೇ ಎಂದರು. ಸಂಪಾದನೆಯ ಅಂಕಿಅಂಶ ಅವರ ಮಾತಿಗೆ ವಿರುದ್ಧವಾಗಿದೆ ಎಂದು ಪತ್ರಿಕೆಗಳು ಮರುದಿನವೇ ತೋರಿಸಿದವು. 2018ರಲ್ಲಿ ರೂಬಿಯೊ ತಾವೇ ಸ್ಟೋಯಿಕರನ್ನು, ಎಂದರೆ ಹಳೆಯ ಗ್ರೀಕ್-ರೋಮನ್ ದಾರ್ಶನಿಕರ ಒಂದು ಪಂಥವನ್ನು, ಓದತೊಡಗಿರುವುದಾಗಿಯೂ, ತತ್ತ್ವಶಾಸ್ತ್ರದ ಬಗ್ಗೆ ಅಭಿಪ್ರಾಯ ಬದಲಿಸಿಕೊಂಡಿರುವುದಾಗಿಯೂ, ವೆಲ್ಡರುಗಳ ಬಗ್ಗೆ ಬದಲಿಸಿಲ್ಲವೆಂದೂ ಬರೆದರು. ಈ ಶಾಸ್ತ್ರದ ಪರ ವಕೀಲರು ಇಂಥಲ್ಲಿ ಅಂಕಪಟ್ಟಿ ತೆಗೆಯುತ್ತಾರೆ. ಅಮೆರಿಕದಲ್ಲಿ ಸ್ನಾತಕೋತ್ತರ ಓದಿನ ಪ್ರವೇಶಕ್ಕೆ ಬರೆಯುವ ಜಿಆರ್‌ಇ ಪರೀಕ್ಷೆಯ ಭಾಷೆ ಮತ್ತು ವಿಶ್ಲೇಷಣಾ ಬರವಣಿಗೆಯಲ್ಲಿ ತತ್ತ್ವಶಾಸ್ತ್ರದ ವಿದ್ಯಾರ್ಥಿಗಳು ಮುಂದಿರುವುದು ನಿಜ. ಮೊದಲೇ ಚುರುಕಾದವರು ಆ ವಿಷಯ ಆರಿಸುತ್ತಾರೋ, ಓದಿದ್ದರಿಂದ ಚುರುಕಾದರೋ ಎಂಬುದು ಬೇರೆ ಪ್ರಶ್ನೆ. ಅದನ್ನು ಕೇಳದೆ ಅಂಕಪಟ್ಟಿ ತೋರಿಸುವ ತತ್ತ್ವಶಾಸ್ತ್ರಜ್ಞ ತನ್ನ ಮೊದಲ ವರ್ಷದ ಪಾಠವನ್ನೇ ಮರೆತಿರುತ್ತಾನೆ. ಇಂಗ್ಲೆಂಡಿನಲ್ಲಿ ಮಕ್ಕಳಿಗೆ ತಾತ್ತ್ವಿಕ ಚರ್ಚೆ ಕಲಿಸುವ ಯೋಜನೆಯ ಕಥೆಯೂ ಹೀಗೇ. 2015ರಲ್ಲಿ ಪ್ರಕಟವಾದ ಪ್ರಯೋಗ, ಓದು ಮತ್ತು ಗಣಿತದಲ್ಲಿ ಲಾಭ ಕಂಡಿದೆ ಎಂದಿತು; ಆಮೇಲಿನ ದೊಡ್ಡ ಪ್ರಯೋಗದಲ್ಲಿ ಓದಿನ ಅಂಕದ ಮೇಲೆ ಅಂಥ ಪರಿಣಾಮ ಕಾಣಲಿಲ್ಲ. ನನಗೇನೂ ಬೇಸರವಾಗಲಿಲ್ಲ. ಈ ವಿದ್ಯೆಯನ್ನು ಗಣಿತದ ಟ್ಯೂಷನ್ ಎಂದು ಮಾರಲು ಹೊರಟದ್ದೇ ತಪ್ಪು.

ಒಳ್ಳೆಯ ಮನುಷ್ಯರಾಗುತ್ತಾರೆ ಎಂಬ ಜಾಹೀರಾತು ಇನ್ನೂ ದುರ್ಬಲ. ಎರಿಕ್ ಶ್ವಿಟ್ಸ್‌ಗೆಬೆಲ್ ಎಂಬ ತತ್ತ್ವಶಾಸ್ತ್ರಜ್ಞ ಒಂದು ತುಂಟ ಸಂಶೋಧನೆ ಮಾಡಿದರು: ವಿಶ್ವವಿದ್ಯಾಲಯಗಳ ಗ್ರಂಥಾಲಯಗಳಿಂದ ಕಾಣೆಯಾದ ಪುಸ್ತಕಗಳ ಲೆಕ್ಕ. ಪ್ರೌಢ ನೀತಿಶಾಸ್ತ್ರದ ಪುಸ್ತಕಗಳು ಬೇರೆ ತತ್ತ್ವಶಾಸ್ತ್ರದ ಪುಸ್ತಕಗಳಿಗಿಂತ ಸುಮಾರು ಒಂದೂವರೆ ಪಟ್ಟು ಹೆಚ್ಚು ಕಾಣೆಯಾಗಿದ್ದವು. ನೀತಿಶಾಸ್ತ್ರ ಕಲಿಸುವ ಪ್ರಾಧ್ಯಾಪಕರ ನಡತೆ ಉಳಿದ ಪ್ರಾಧ್ಯಾಪಕರಿಗಿಂತ ಮೇಲೇನಲ್ಲ ಎಂದೂ ಅವರ ಮುಂದಿನ ಅಧ್ಯಯನಗಳು ಕಂಡವು. ನಗುವಂಥ ಉದಾಹರಣೆ ಇದು; ನಗಲಾಗದ್ದೂ ಇದೆ. ಇಪ್ಪತ್ತನೆಯ ಶತಮಾನದ ದೊಡ್ಡ ದಾರ್ಶನಿಕರಲ್ಲಿ ಒಬ್ಬನೆಂದು ಹೆಸರಾದ ಮಾರ್ಟಿನ್ ಹೈಡೆಗರ್ 1933ರಲ್ಲಿ ನಾತ್ಸಿ ಪಕ್ಷ ಸೇರಿದ. ವ್ಯಾಕರಣ ಬಲ್ಲವನು ಸುಳ್ಳು ಹೇಳುವುದಿಲ್ಲ ಎಂದು ಯಾರೂ ನಂಬುವುದಿಲ್ಲ; ನೀತಿಯ ವ್ಯಾಕರಣದಿಂದ ಮಾತ್ರ ಅಷ್ಟೊಂದು ನಿರೀಕ್ಷೆ ಏಕೋ.

ಆದರೂ ಜನ ಓದುತ್ತಾರೆ. ನಾನು ಕಂಡಂತೆ ಹೆಚ್ಚಿನವರು ಬರುವುದು ಯಾವುದೋ ಒಂದು 'ಇದು ಗೊತ್ತೇ ಇದೆಯಲ್ಲ' ಕೈಕೊಟ್ಟ ಮೇಲೆ. ವೈದ್ಯರು ಬರುತ್ತಾರೆ, ಸಮ್ಮತಿ ಎಂಬ ಮಾತು ಐಸಿಯುವಿನಲ್ಲಿ ಜಾರಿದ ಮೇಲೆ. ಕಾನೂನು ಓದಿದವರು ‘ಉದ್ದೇಶ’ ಎಂಬ ಪದಕ್ಕೆ ಸಿಕ್ಕಿಬಿದ್ದು ಬರುತ್ತಾರೆ. ಕೆಲವರು ನಂಬಿಕೆ ಕಳೆದುಕೊಂಡು ಬರುತ್ತಾರೆ, ಕೆಲವರು ಅದು ಗಟ್ಟಿಯಾದೀತೆಂದು ಬರುತ್ತಾರೆ. ಉತ್ತರ ಸಿಗದೆ ಹೋದರೂ, ಪ್ರಶ್ನೆಯ ಆಕಾರ ತಿಳಿದು ಹೋಗುತ್ತಾರೆ: ಇದರಲ್ಲಿ ಯಾವ ಭಾಗ ಮಾಹಿತಿಯಿಂದ ತೀರುವಂಥದ್ದು, ಯಾವುದು ಮಾತಿನ ಗೊಂದಲ, ಯಾವುದು ನಿಜವಾಗಿಯೂ ಆಯ್ಕೆ. ಇದು ಸಣ್ಣ ಸಂಪಾದನೆ ಎನ್ನುವವರು ಒಂದು ಮನೆಜಗಳವನ್ನಾದರೂ ಹೀಗೆ ವಿಂಗಡಿಸಿ ನೋಡಲಿ.

ಅಧಿಕಾರದಲ್ಲಿರುವವರಿಗೆ ಈ ವಿಂಗಡಣೆ ಅಷ್ಟಾಗಿ ಹಿಡಿಸುವುದಿಲ್ಲ. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಗಾರ್ಗಿ ಒಂದರ ಮೇಲೊಂದು ಕೇಳುತ್ತಾ ಹೋದಾಗ ಯಾಜ್ಞವಲ್ಕ್ಯ, ಇನ್ನು ಕೇಳಬೇಡ, ತಲೆ ಉರುಳೀತು ಎನ್ನುತ್ತಾನೆ. (ಆಕೆ ಸುಮ್ಮನಾಗಿ, ಸ್ವಲ್ಪ ಹೊತ್ತಿಗೆ ಎದ್ದು ಇನ್ನೆರಡು ಪ್ರಶ್ನೆ ಕೇಳಿದಳು. ಆ ಭಾಗವನ್ನು ಹೇಳುವವರು ಕಡಿಮೆ.) ಬ್ರೆಜಿಲ್‌ನ ಸೇನಾ ಆಡಳಿತ 1971ರ ಶಿಕ್ಷಣ ಸುಧಾರಣೆಯಲ್ಲಿ ಪ್ರೌಢಶಾಲೆಯಿಂದ ತತ್ತ್ವಶಾಸ್ತ್ರವನ್ನು ಹೊರಹಾಕಿತು. 2008ರಲ್ಲಿ ಅದು ಕಡ್ಡಾಯ ವಿಷಯವಾಗಿ ಮರಳಿತು, 2019ರಲ್ಲಿ ಅಧ್ಯಕ್ಷ ಬೊಲ್ಸನಾರೊ ವಿಶ್ವವಿದ್ಯಾಲಯಗಳಲ್ಲಿ ಅದರ ಅನುದಾನ ಕಡಿತದ ಮಾತಾಡಿದರು. ಜಪಾನಿನ ಶಿಕ್ಷಣ ಸಚಿವಾಲಯ 2015ರಲ್ಲಿ ರಾಷ್ಟ್ರೀಯ ವಿಶ್ವವಿದ್ಯಾಲಯಗಳಿಗೆ ಪತ್ರ ಬರೆದು, ಮಾನವಿಕ ಮತ್ತು ಸಮಾಜವಿಜ್ಞಾನ ವಿಭಾಗಗಳನ್ನು ಮುಚ್ಚುವುದನ್ನೋ, ಸಮಾಜದ ಅಗತ್ಯಕ್ಕೆ ತಕ್ಕಂತೆ ಬದಲಿಸುವುದನ್ನೋ ಯೋಚಿಸಿ ಎಂದಿತು. ಇಂಗ್ಲೆಂಡಿನ ಮಿಡ್ಲ್‌ಸೆಕ್ಸ್ ವಿಶ್ವವಿದ್ಯಾಲಯ 2010ರಲ್ಲಿ ಮುಚ್ಚಹೊರಟ ತತ್ತ್ವಶಾಸ್ತ್ರ ವಿಭಾಗ, ಸಂಶೋಧನೆಯ ಮೌಲ್ಯಮಾಪನದಲ್ಲಿ ಆ ವಿಶ್ವವಿದ್ಯಾಲಯದಲ್ಲೇ ಅತ್ಯುತ್ತಮ ಎನಿಸಿಕೊಂಡದ್ದು. ಫ್ರಾನ್ಸ್ ಮಾತ್ರ ಹಟಮಾರಿ: ಶಾಲೆ ಮುಗಿಸುವ ವಿದ್ಯಾರ್ಥಿಗಳು ಈಗಲೂ ನಾಲ್ಕು ಗಂಟೆ ಕೂತು ತತ್ತ್ವಶಾಸ್ತ್ರದ ಪರೀಕ್ಷೆ ಬರೆಯುತ್ತಾರೆ. ಅಲ್ಲಿನ ರಾಜಕೀಯ ಅದರಿಂದ ಶುದ್ಧವಾಗಿದೆ ಎಂದು ನಾನೇನೂ ಹೇಳುತ್ತಿಲ್ಲ.

ಇದೇ ಹೊತ್ತಿನಲ್ಲಿ ಕೃತಕ ಬುದ್ಧಿಮತ್ತೆಯ ಕಂಪನಿಗಳು ತತ್ತ್ವಶಾಸ್ತ್ರ ಓದಿದವರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಿವೆ. ಯಂತ್ರ ಯೋಚಿಸಬಲ್ಲುದೇ ಎಂದು ಟ್ಯೂರಿಂಗ್ 1950ರಲ್ಲಿ ಕೇಳಿದ್ದು ‘ಮೈಂಡ್’ ಎಂಬ ತತ್ತ್ವಶಾಸ್ತ್ರದ ಪತ್ರಿಕೆಯಲ್ಲಿ. ಅರ್ಥವಾಗದ ಭಾಷೆಯ ಚಿಹ್ನೆಗಳನ್ನು ನಿಯಮಪುಸ್ತಕ ನೋಡಿ ಜೋಡಿಸಿ ಸರಿಯುತ್ತರ ಕೊಡುವವನಿಗೆ ಆ ಭಾಷೆ ಬರುತ್ತದೆಯೇ ಎಂದು ಜಾನ್ ಸರ್ಲ್ 1980ರಲ್ಲಿ ಎದುರು ಪ್ರಶ್ನೆ ಹಾಕಿದ. ಆಗ ಅದು ಕಲ್ಪನೆಯ ಕೋಣೆ. ಈಗ ಆ ಕೋಣೆ ಎಲ್ಲರ ಜೇಬಿನಲ್ಲಿದೆ. ಕಂಪನಿಯ ಸಂಬಳದಲ್ಲಿ ಕೂತವನು ಕಂಪನಿಗೆ ಬೇಡದ ಪ್ರಶ್ನೆಯನ್ನೂ ಕೇಳುತ್ತಾನೆಯೇ ಎಂಬ ಅನುಮಾನ ನನಗಿದೆ. ಆ ಪ್ರಶ್ನೆ ಕೇಳಲು ಸಂಬಳದ ಹಂಗಿಲ್ಲದ ವಿಭಾಗಗಳು ಬೇಕು, ಮುಚ್ಚುತ್ತಿರುವುದು ಅವನ್ನೇ.

ಮತ್ತೆ ಆ ವೆಂಟಿಲೇಟರಿನ ಪಕ್ಕಕ್ಕೆ. ಅಮೆರಿಕದಲ್ಲಿ 1981ರಿಂದ ಸಾವಿನ ವ್ಯಾಖ್ಯಾನಕ್ಕೆ ಒಂದು ಮಾದರಿ ಕಾಯ್ದೆಯಿದೆ. ಮಿದುಳನ್ನು ನೋಡಿ ಸಾವೆನ್ನಬೇಕಾದರೆ ಇಡೀ ಮಿದುಳಿನ ‘ಎಲ್ಲ’ ಕೆಲಸಗಳು ‘ಮರಳಿ ಬಾರದಂತೆ’ ನಿಂತಿರಬೇಕು ಎನ್ನುತ್ತದೆ ಅದು. ಆದರೆ ಮಿದುಳು ಸತ್ತಿದೆ ಎಂದು ಘೋಷಿತರಾದ ಕೆಲವರಲ್ಲಿ ಹೈಪೊಥಲಾಮಸ್ ಎಂಬ ಸಣ್ಣ ಭಾಗ ಹಾರ್ಮೋನಿನ ಕೆಲಸ ಮಾಡುತ್ತಲೇ ಇರುತ್ತದೆ. ‘ಎಲ್ಲ’ ಎಂದರೆ ಎಲ್ಲವೇ? ಇನ್ನು ‘ಮರಳಿ ಬಾರದಂತೆ’ ಎಂದರೆ ಮರಳಿಸಲು ಸಾಧ್ಯವೇ ಇಲ್ಲ ಎಂದೋ, ತಾನಾಗಿ ಮರಳುವುದಿಲ್ಲ, ನಾವೂ ಮರಳಿಸಲು ಹೋಗುವುದಿಲ್ಲ ಎಂದೋ? ಕಾಯ್ದೆ ತಿದ್ದಲು ವಕೀಲರು, ವೈದ್ಯರು, ನೀತಿಶಾಸ್ತ್ರದವರು ಸೇರಿದ ಸಮಿತಿ 2021ರಿಂದ ಕೂತು ಚರ್ಚಿಸಿತು. ಒಂದು ಪಕ್ಷ ಪದ ಬದಲಿಸೋಣ ಎಂದಿತು, ಇನ್ನೊಂದು ಪರೀಕ್ಷೆಯನ್ನೇ ಬದಲಿಸೋಣ ಎಂದಿತು. 2023ರಲ್ಲಿ, ಒಮ್ಮತ ಸಿಗದೆ, ಕೆಲಸವನ್ನು ಅಲ್ಲಿಗೇ ನಿಲ್ಲಿಸಿ ಎದ್ದರು. 1981ರ ವಾಕ್ಯ ಹಾಗೆಯೇ ಇದೆ.